ಬೇಡವಾದ ಕೇಕಿನ ವಿಷಯವಾಗಿ ಎರಡು ಮಾತು

ಶಾಲೆಯ ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ಸ್ತ್ರೀವಿದ್ಯಾಭ್ಯಾಸ, ಶೀಲಸಂವರ್ಧನೆ, ಕಾಲದ ಸದುಪಯೋಗ ಮುಂತಾದ ಗಂಭೀರ ವಿಷಯಗಳು ಇರತಕ್ಕವೇ. ಅವುಗಳನ್ನು ಕುರಿತು ನಮಗಿಂತ ಬಲ್ಲವರು ಬರೆದಿರುವರು. ನಾವು ಇಲ್ಲಿ ಎತ್ತಿಕೊಂಡಿರುವದು ಕ್ರಿಸ್‌ಮಸ್ಸಿನ ಹಣ್ಣಿನ ಕೇಕನ್ನು. ಅದರಲ್ಲಿಯೂ, ಯಾರಿಗೂ ಬೇಡವಾದ ಹಣ್ಣಿನ ಕೇಕನ್ನು. ವಾಚಕಿಯರು ನಗಬಹುದು. ಧಾರಾಳವಾಗಿ ನಗಲಿ, ನಗುವದಕ್ಕಾಗಿಯೇ ಕೆಲವು ಸಂಗತಿಗಳನ್ನು ಮೊದಲು ಹೇಳುವೆವು. ಆದರೆ ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುವದು. ಅದಕ್ಕೆ ಉತ್ತರ ಹೇಳದೆ ಈ ಲೇಖನವನ್ನು ಮುಗಿಸುವ ಹಾಗಿಲ್ಲ.

ಡಿಸೆಂಬರ್ ತಿಂಗಳ 20ನೆಯ ತಾರೀಖು ಕಳೆಯಿತೆಂದರೆ ನಮ್ಮ ಸಭೆಯ ಮನೆಗಳಲ್ಲಿ ಏನು ನಡೆಯುವದೆಂಬದು ಎಲ್ಲರಿಗೂ ಗೊತ್ತು. ಬಾಗಿಲು ತಟ್ಟಿದ ಶಬ್ದವಾಗುವದು; ಒಂದು ಕೇಕು ಬರುವದು. ಅದನ್ನು ಮೇಜಿನ ಮೇಲಿಟ್ಟು ಉಸ್ಸೆನ್ನುವಷ್ಟರಲ್ಲಿ ಇನ್ನೊಂದು ಬರುವದು. ಹಬ್ಬದ ಹಿಂದಿನ ದಿನ ಎಣಿಸಿ ನೋಡಿದರೆ ಮನೆಯಲ್ಲಿ ಜನರು ನಾಲ್ವರು, ಕೇಕುಗಳು ಏಳು! ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಸಕ್ಕರೆಯಲ್ಲಿ ಬೆಂದ ಕಿತ್ತಳೆಯ ಸಿಪ್ಪೆ, ಪಪ್ಪಾಯಿಕಾಯಿಯೇ ಬಣ್ಣ ಬಳಿದುಕೊಂಡು ವೇಷ ಹಾಕಿದ ಟೂಟಿಫ್ರೂಟಿ, ಲವಂಗ, ಜಾಯಿಕಾಯಿ, ಇವೆಲ್ಲ ಕೂಡಿದ ಕರಿಗೆಂಪು ಬಣ್ಣದ ಭಾರವಾದ ವಸ್ತು ಅದು. ಮೊದಲನೆಯದನ್ನು ಸಂತೋಷದಿಂದ ತಿನ್ನುವೆವು. ಎರಡನೆಯದನ್ನು ಮರ್ಯಾದೆಗಾಗಿ ತಿನ್ನುವೆವು. ಮೂರನೆಯದನ್ನು ಕಂಡಾಗ ಮನೆಯ ಮಕ್ಕಳು ಹಿತ್ತಲ ಬಾಗಿಲಿನಿಂದ ಮಾಯವಾಗುವರು.

ಬೇರೆ ತಿಂಡಿಯಾದರೆ ಕೆಟ್ಟುಹೋಗಿ ನಮ್ಮ ಕಷ್ಟವನ್ನು ತಾನೇ ಪರಿಹರಿಸುವದು. ಹಣ್ಣಿನ ಕೇಕಿಗೆ ಆ ದಾಕ್ಷಿಣ್ಯವೂ ಇಲ್ಲ. ಸಕ್ಕರೆಯೂ ಒಣಹಣ್ಣೂ ಅದರೊಳಗಣ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವದರಿಂದ, ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ನೀರು ಸಿಕ್ಕುವದಿಲ್ಲ. ವಿಲಾಯಿತಿಯ ಪದ್ಧತಿಯಂತೆ ಮೇಲೆ ಬ್ರಾಂದಿಯನ್ನು ಸುರಿದಿದ್ದರೆ ಅದೂ ಕಾವಲು ನಿಲ್ಲುವದು. ಇದರ ಬಾಳಿಕೆಗೆ ದೃಷ್ಟಾಂತ ಬೇಕಾದರೆ ದಕ್ಷಿಣಧ್ರುವದ ಕಡೆಗೆ ನೋಡಬಹುದು. ಕ್ಯಾಪ್ಟನ್ ಸ್ಕಾಟನ 1910ರಿಂದ 1913ರ ವರೆಗಿನ ಯಾತ್ರೆಯಲ್ಲಿ ಅವನ ಸಂಗಡಿಗರ ಒಂದು ತಂಡವು ಕೇಪ್ ಅಡೇರ್ ಎಂಬ ಭೂಶಿರದ ಗುಡಿಸಲಿನಲ್ಲಿ ತಂಗಿತ್ತು. ಆ ಕಾಲದ್ದೆಂದು ತಿಳಿಯಲಾದ, ಹಂಟ್ಲಿ ಅಂಡ್ ಪಾಮರ್ಸ್ ಕಂಪೆನಿಯ ಒಂದು ಹಣ್ಣಿನ ಕೇಕು ಅಲ್ಲಿ ದೊರೆಯಿತೆಂದು ನ್ಯೂಜಿಲೆಂಡಿನ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟಿನವರು 2017ರಲ್ಲಿ ಪ್ರಕಟಿಸಿದರು. ತಗಡಿನ ಡಬ್ಬಿ ತುಕ್ಕು ಹಿಡಿದಿತ್ತು. ಒಳಗಿನ ಕೇಕು ಮಾತ್ರ ನೂರು ವರ್ಷಗಳಾದ ಮೇಲೆಯೂ ತಿನ್ನಬಹುದೇನೋ ಎನ್ನುವಂತೆ ಇತ್ತಂತೆ! ಕಬ್ಬಿಣವು ಸೋತ ಕಡೆಯಲ್ಲಿ ಕೇಕು ಗೆದ್ದಿತು. ಇನ್ನೊಂದು ಕೇಕು ಚಂದ್ರಯಾತ್ರೆಯನ್ನೇ ಮಾಡಿತು. 1969ರಲ್ಲಿ ಅಪೊಲೊ 11 ಎಂಬ ನೌಕೆಯೊಡನೆ ಹೋದ ಅನಾನಸಿನ ಹಣ್ಣಿನ ಕೇಕೊಂದನ್ನು ಯಾತ್ರಿಕರು ತಿನ್ನದೆಯೇ ಹಿಂದಕ್ಕೆ ತಂದರು. ಅದು ಅಮೇರಿಕೆಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಷ್ಟು ದೂರ ಹೋಗಿ, ಬೇರೆ ಅಂಗಡಿಯೇ ಇಲ್ಲದ ಜಾಗದಲ್ಲಿಯೂ ತಿನ್ನಲು ಮನಸ್ಸಾಗದ ತಿಂಡಿಯನ್ನು ನಮ್ಮ ಮಕ್ಕಳು ತಿನ್ನಲಿಲ್ಲವೆಂದು ಗದರಿಸುವದು ನ್ಯಾಯವೇ?

ಬೇಡವಾದ ಕೇಕನ್ನು ಗೇಲಿ ಮಾಡುವ ವಿದ್ಯೆಯಲ್ಲಿ ಅಮೇರಿಕದವರು ಎಲ್ಲರಿಗಿಂತ ಮುಂದೆ. 1962ರಿಂದ 1992ರ ವರೆಗೆ ಅಲ್ಲಿಯ ಟೆಲಿವಿಷನ್ನಿನಲ್ಲಿ ರಾತ್ರಿಯ ವಿನೋದ ನಡೆಸುತ್ತಿದ್ದ ಜಾನಿ ಕಾರ್ಸನ್ ಎಂಬವನ ಒಂದು ಹಾಸ್ಯ ದೇಶದಲ್ಲೆಲ್ಲ ಹಬ್ಬಿತು. ಪ್ರಪಂಚದಲ್ಲಿ ಇರುವದು ಒಂದೇ ಹಣ್ಣಿನ ಕೇಕು, ಅದನ್ನೇ ಜನರು ಒಬ್ಬರಿಂದೊಬ್ಬರಿಗೆ ಕಳುಹಿಸುತ್ತಿರುವರು ಎಂಬದೇ ಅದರ ತಾತ್ಪರ್ಯ. ಕೊಲರಾಡೊ ಸಂಸ್ಥಾನದ ಮ್ಯಾನಿಟೂ ಸ್ಪ್ರಿಂಗ್ಸ್ ಎಂಬ ಬೆಟ್ಟದೂರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಳಿದುಹೋದ ಕೇಕುಗಳನ್ನು ಜನವರಿಯಲ್ಲಿ ಬಯಲಿಗೆ ತಂದು ಎಸೆಯುವ ಪಂದ್ಯವನ್ನು ಅವರು 1996ರಲ್ಲಿ ಆರಂಭಿಸಿದರು. ಕೈಯಿಂದ ಎಸೆದರು, ಕವಣೆಯಿಂದ ಎಸೆದರು. 2007ರಲ್ಲಿ ಗಾಳಿಯನ್ನು ಒತ್ತಿ ತುಂಬಿದ ಫಿರಂಗಿಯಂಥ ಯಂತ್ರವೊಂದು ಕೇಕನ್ನು 1,420 ಅಡಿಗಳಷ್ಟು ದೂರಕ್ಕೆ ಹಾರಿಸಿತು.

ನಮ್ಮ ಶಾಲೆಯ ಕ್ರೀಡಾದಿನದಲ್ಲಿ ಗುಂಡು ಎಸೆಯುವ ಪಂದ್ಯಕ್ಕೆ ಕಬ್ಬಿಣದ ಗುಂಡಿನ ಬದಲು ಇದನ್ನು ಉಪಯೋಗಿಸಬಹುದೆಂದು ವಿದ್ಯಾರ್ಥಿನಿಯೊಬ್ಬಳು ಸೂಚಿಸಿದುದು ನಮ್ಮ ಕಿವಿಗೆ ಬಿದ್ದಿದೆ. ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಒತ್ತಾಗಿ ಇಡಬಹುದು. ಉಪ್ಪಿನಕಾಯಿಯ ಜಾಡಿಯಲ್ಲಿ ಮಿಡಿಗಳು ಮೇಲೆ ತೇಲದಂತೆ ಭಾರವಾಗಿ ಹೇರಬಹುದು. ಇಲ್ಲವೆ ಬೇಡವಾದ ಅತಿಥಿಗಳು ಬಂದಾಗ ಮೂರು ಹೋಳು ಬಡಿಸಿ ಅವರ ಭೇಟಿಯನ್ನು ಚಿಕ್ಕದು ಮಾಡಬಹುದು ಎಂದು ಅವಳ ಗೆಳತಿಯರು ಸೇರಿಸಿದರು. ಬುದ್ಧಿವಂತ ಹುಡುಗಿಯರೇ! ಆದರೆ ಗಣಿತದಲ್ಲಿ ಈ ಚಾತುರ್ಯ ಎಲ್ಲಿ ಹೋಗುವದೋ ತಿಳಿಯದು.

ಅಮೇರಿಕದವರ ಈ ಹಾಸ್ಯವನ್ನು ಕೇಳಿ ಇದು ಪರದೇಶದ ಮಾತೆಂದು ನಾವು ಸುಮ್ಮನಿರಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಅದೇ ಸಂಗತಿ ಬೇರೆ ವೇಷದಲ್ಲಿ ಬಹುಕಾಲದಿಂದ ಉಂಟು. ಅರಿಸಿನ ಕುಂಕುಮದ ಸಂಗಡ ಕೊಡುವ ರವಿಕೆಯ ಕಣವನ್ನು ನಮ್ಮ ನೆರೆಯ ಗೃಹಿಣಿಯರು ಬಲ್ಲರು. ಸೀತಮ್ಮನವರ ಮನೆಯಿಂದ ಗೌರಮ್ಮನವರ ಮನೆಗೆ, ಅಲ್ಲಿಂದ ಶಾಂತಮ್ಮನವರ ಮನೆಗೆ ಹೋಗಿ, ಮಡಿಕೆ ಬಿಚ್ಚದೆ, ಕತ್ತರಿ ಕಾಣದೆ, ಎರಡು ಗೌರೀಹಬ್ಬಗಳನ್ನು ಕಳೆದು ಅದು ಪುನಃ ಸೀತಮ್ಮನವರ ಪೆಟ್ಟಿಗೆಗೇ ಬರುವದು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರಿನ ತಟ್ಟೆಗಳು ಓಡಾಡುವಾಗ, ಒಂದು ಮನೆಯ ನೆವ್ರಿಯೂ ಇನ್ನೊಂದು ಮನೆಯ ಕಿಡಿಯೊವೂ ಮೂರನೆಯ ಮನೆಯ ತಟ್ಟೆಯಲ್ಲಿ ಜೊತೆಯಾಗಿ ಕುಳಿತಿರುವದುಂಟು. ಆದಕಾರಣ ಕೇಕು ನಮ್ಮಲ್ಲಿಗೆ ಹೊರಗಿನಿಂದ ಬಂದದ್ದಾದರೂ ಅದನ್ನು ಸುತ್ತಿಸುವ ಕಲೆಯನ್ನು ಯಾರೂ ನಮಗೆ ಕಲಿಸಬೇಕಾಗಲಿಲ್ಲ.

ಇಲ್ಲಿಯ ವರೆಗೆ ನಗು. ಇನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಮರೆಮಾಚದೆ ಹೇಳುವೆವು.

ಕೆಲವು ವರ್ಷಗಳ ಹಿಂದೆ ನಮಗೆ ಹೊಲಿಗೆ ಕಲಿಸಿದ ವೃದ್ಧ ಉಪಾಧ್ಯಾಯಿನಿಯೊಬ್ಬರು ಹಬ್ಬದ ಐದು ದಿನ ಮುಂಚೆ ಒಂದು ಕೇಕನ್ನು ತಂದುಕೊಟ್ಟರು. ಅವರು ಒಬ್ಬರೇ ವಾಸಿಸುವವರು. ಸ್ವಲ್ಪ ನಿವೃತ್ತಿವೇತನದಲ್ಲಿ ಕಾಲಕ್ಷೇಪ ಮಾಡುವವರು. ಅಂಗಡಿಯ ರಿಬ್ಬನ್ನಿಗೆ ದುಡ್ಡು ಕೊಡುವ ಬದಲು ತಾವೇ ಕೊಕ್ಕೆಕಡ್ಡಿಯಿಂದ ಹೆಣೆದ ಬಿಳಿಯ ದಾರದ ಪಟ್ಟಿಯಿಂದ ಡಬ್ಬಿಯನ್ನು ಕಟ್ಟಿದ್ದರು. ನಮ್ಮ ಮನೆಯಲ್ಲಿ ಆಗಲೇ ನಾಲ್ಕು ಕೇಕುಗಳಿದ್ದವು. ಅದೇ ಸಾಯಂಕಾಲ ಒಬ್ಬ ಬಂಧುವಿನ ಮನೆಗೆ ಹೋಗಬೇಕಾಗಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಆ ಡಬ್ಬಿಯನ್ನು ಕಟ್ಟು ಬಿಚ್ಚದೆಯೇ ತೆಗೆದುಕೊಂಡು ಹೋದೆವು. ಹೊರಡುವಾಗ ಮನೆಗೆಲಸದವಳ ಮಗಳು ಗೇಟಿನ ಬಳಿ ನಿಂತು, "ಅಮ್ಮಾ, ಆ ಡಬ್ಬಿಯಲ್ಲಿ ಏನುಂಟು?" ಎಂದು ಕೇಳಿದಳು. "ಕೇಕು" ಎಂದು ಹೇಳಿ ನಾವು ನಡೆದೆವು. ಹುಡುಗಿ ಕೇಳಿದ್ದು ಮಾಹಿತಿಗಾಗಿ ಅಲ್ಲವೆಂದು ಆಗ ನಮಗೆ ಹೊಳೆಯಲಿಲ್ಲ.

ಹಬ್ಬದ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆ ಉಪಾಧ್ಯಾಯಿನಿಯವರು ನಮ್ಮನ್ನು ಕಂಡು, "ಈ ಸಲ ಕೇಕು ಹೇಗಾಗಿತ್ತಮ್ಮಾ? ಕಣ್ಣು ಮಂಜಾಗಿದೆ, ಸಕ್ಕರೆಯ ಅಳತೆ ತಪ್ಪಿತೇನೋ ಎಂದು ನನಗೆ ಸಂದೇಹ" ಎಂದರು. "ಬಹಳ ಚೆನ್ನಾಗಿತ್ತು, ಟೀಚರ್, ಅಳತೆ ಸರಿಯಾಗಿಯೇ ಇತ್ತು" ಎಂದು ನಾವು ಉತ್ತರ ಕೊಟ್ಟೆವು. ಅವರ ಮುಖ ಅರಳಿತು. ನಾವು ಬೇಗನೆ ಬೇರೆಯವರ ಕಡೆಗೆ ತಿರುಗಿದೆವು.

ಹೊಸ ವರ್ಷದ ಎರಡನೆಯ ವಾರದಲ್ಲಿ ಪರಿಚಿತರೊಬ್ಬರು ನಮ್ಮ ಮನೆಗೆ ಬಂದು ಬಹು ಪ್ರೀತಿಯಿಂದ ಒಂದು ಡಬ್ಬಿಯನ್ನು ಕೈಯಲ್ಲಿಟ್ಟರು. ಅದರ ಸುತ್ತ ಬಿಳಿಯ ದಾರದ ಹೆಣಿಗೆಯ ಪಟ್ಟಿ ಇತ್ತು! ವಿಚಾರಿಸಲಾಗಿ ಅದು ನಮ್ಮಿಂದ ಹೊರಟು ನಾಲ್ಕು ಮನೆಗಳನ್ನು ನೋಡಿ ಬಂದಿತ್ತು. ಅತಿಥಿಗಳು ಹೋದ ಮೇಲೆ ಬಿದ್ದು ಬಿದ್ದು ನಕ್ಕೆವು. ನಗುತ್ತ ಕಟ್ಟು ಬಿಚ್ಚಿ ಮುಚ್ಚಳ ತೆಗೆದಾಗ ನಗು ನಿಂತಿತು. ಕೇಕಿನ ಒಂದು ಬದಿಗೆ ಬೂಷ್ಟು ಹಿಡಿದಿತ್ತು. ಮದ್ಯವನ್ನು ಮನೆಯೊಳಗೆ ಸೇರಿಸದ ಆ ವೃದ್ಧೆಯವರು ಹಣ್ಣುಗಳನ್ನು ಕಿತ್ತಳೆಯ ರಸದಲ್ಲಿ ನೆನೆಯಿಸಿದ್ದರು. ನಮ್ಮ ಸೀಮೆಯ ಹವೆಯೋ ದಕ್ಷಿಣಧ್ರುವದ್ದಲ್ಲ. ಅದನ್ನು ಹೊರಗೆ ಹಾಕದೆ ಗತ್ಯಂತರವಿರಲಿಲ್ಲ. ಐದು ಮನೆಗಳಿಗೆ ಕಾಣಿಕೆಯಾಗಿ ಹೋದ ಒಂದು ಕೇಕನ್ನು ಭೂಮಿಯ ಮೇಲೆ ಒಬ್ಬರೂ ತಿನ್ನಲಿಲ್ಲ. ಸಕ್ಕರೆಯ ಅಳತೆ ಸರಿಯಾಗಿತ್ತೋ ಇಲ್ಲವೋ ಎಂಬದು ಇಂದಿನ ವರೆಗೂ ನಮಗೆ ಗೊತ್ತಿಲ್ಲ. ಇನ್ನು ಗೊತ್ತಾಗುವ ಹಾಗೂ ಇಲ್ಲ, ಯಾಕಂದರೆ ಆ ಉಪಾಧ್ಯಾಯಿನಿಯವರು ಮುಂದಿನ ಕ್ರಿಸ್‌ಮಸ್ಸಿಗೆ ಮುಂಚೆ ಕರ್ತನಲ್ಲಿ ನಿದ್ರೆಹೋದರು.

ಈಗ ಪ್ರಶ್ನೆಗೆ ಬರುವೆವು. ತಪ್ಪು ಯಾರದು? ಕೇಕಿನದಂತೂ ಅಲ್ಲ. ಇಂಗ್ಲೆಂಡಿನಲ್ಲಿ ಇದರ ಪೂರ್ವಜವು ಜನವರಿ 6ನೆಯ ತಾರೀಖಿನ ಪ್ರಕಟನದ ಹಬ್ಬಕ್ಕಾಗಿ, ಅಂದರೆ ಮೂಡಣದ ಜ್ಞಾನಿಗಳು ಶಿಶುವಿಗೆ ಕಾಣಿಕೆ ತಂದ ದಿನಕ್ಕಾಗಿ, ಮಾಡುತ್ತಿದ್ದ ಕೇಕು. ದೊಡ್ಡ ಕೇಕೊಂದನ್ನು ಕೊಯ್ದು ನೆರೆದವರೆಲ್ಲರಿಗೂ ಹೋಳು ಹಂಚುವದೇ ಅದರ ಉದ್ದೇಶವಾಗಿತ್ತು. 19ನೆಯ ಶತಮಾನದಲ್ಲಿ ಆ ಹಬ್ಬದ ಸಂಭ್ರಮ ಕುಗ್ಗಲು ಕೇಕು ಕ್ರಿಸ್‌ಮಸ್ಸಿಗೆ ಸೇರಿಕೊಂಡಿತು. ಒಟ್ಟಿನಲ್ಲಿ ಅದು ಕೊಯ್ಯಲ್ಪಡುವದಕ್ಕೆ ಹುಟ್ಟಿದ ವಸ್ತು, ಕಟ್ಟಿಡುವದಕ್ಕಲ್ಲ.

ನಮ್ಮ ಅಭಿಪ್ರಾಯದಲ್ಲಿ ತಪ್ಪು ಇರುವದು ನಮ್ಮ ಲೆಕ್ಕದ ಪುಸ್ತಕದಲ್ಲಿ. ಮದುವೆಯ ಮನೆಯಲ್ಲಿ ಮುಯ್ಯಿ ಬರೆದಿಡುವಂತೆ ನಾವು ಕೇಕನ್ನೂ ಬರೆದಿಡುತ್ತೇವೆ. ಅವರು ಕೊಟ್ಟರು, ನಾವು ಕೊಡಬೇಕು. ನಾವು ಕೊಟ್ಟೆವು, ಅವರು ಕೊಡಲಿಲ್ಲ. ಇದರ ಫಲವೇನು? ಈಗಾಗಲೇ ನಾಲ್ಕು ಕೇಕು ಇರುವ ಮನೆಗೆ ಐದನೆಯದು ಹೋಗುವದು. ಒಂದೂ ಇಲ್ಲದ ಮನೆಗೆ ಒಂದೂ ಹೋಗದು, ಯಾಕಂದರೆ ಆ ಮನೆಯ ಹೆಸರು ಯಾರ ಲೆಕ್ಕದಲ್ಲಿಯೂ ಇಲ್ಲ. ಔತಣಕ್ಕೆ ತಿರುಗಿ ಕರೆಯಲಾರದವರನ್ನು ಕರೆಯಿರಿ ಎಂಬ ನಮ್ಮ ಕರ್ತನ ಬೋಧನೆಯನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲರೂ. ಪಾಠ ಬಾಯಲ್ಲಿ ಉಳಿಯಿತು. ಕೇಕು ಲೆಕ್ಕದ ಪ್ರಕಾರ ಹೋಯಿತು.

ಬಂದ ಕಾಣಿಕೆಯನ್ನು ಬೇರೊಬ್ಬರಿಗೆ ಕೊಡುವದೇ ಪಾಪವೋ ಎಂದು ಕೆಲವರು ಕೇಳಬಹುದು. ಇಲ್ಲವೇ ಇಲ್ಲ. ಹೊಟ್ಟೆಗೆ ಮಿಕ್ಕದ್ದನ್ನು ದಾಟಿಸುವದು ವಿವೇಕ. ಆದರೆ ಯಾರಿಗೆ, ಯಾವಾಗ ದಾಟಿಸುತ್ತೇವೆ ಎಂಬದರಲ್ಲಿ ವ್ಯತ್ಯಾಸವುಂಟು. ನಮ್ಮಲ್ಲಿ ಅನೇಕರು ಕೇಕನ್ನು ಜನವರಿ 10ರ ವರೆಗೆ ಕಪಾಟಿನಲ್ಲಿಟ್ಟು, ಅದು ಒಣಗಿದ ಮೇಲೆ, "ಪಾಪ, ಬಡವರಿಗಾಗುವದು" ಎಂದು ಕೆಲಸದವಳ ಸೆರಗಿಗೆ ಹಾಕುವರು. ಇದು ದಾನವೆಂದು ನಮಗೆ ತೋರುವದಿಲ್ಲ. ಕಪಾಟನ್ನು ಗುಡಿಸುವ ಒಂದು ವಿಧಾನ ಅಷ್ಟೇ. ಅದೇ ಕೇಕನ್ನು ಡಿಸೆಂಬರ್ 24ರ ಸಾಯಂಕಾಲ ಅವಳ ಕೈಯಲ್ಲಿ ಕೊಟ್ಟಿದ್ದರೆ ಅವಳ ಮಕ್ಕಳಿಗೂ ಅದು ಹಬ್ಬದ ಕೇಕಾಗುತ್ತಿತ್ತು. ಮ್ಯಾನಿಟೂ ಸ್ಪ್ರಿಂಗ್ಸಿನವರು ಕೂಡ, ಅಷ್ಟೆಲ್ಲ ಕುಚೋದ್ಯದ ನಡುವೆಯೂ, ನೋಡಬಂದವರಿಂದ ಬಡವರಿಗೆಂದು ಕೆಡದ ಆಹಾರಪದಾರ್ಥಗಳನ್ನು ಕೂಡಿಸಿದ್ದುಂಟು. ಕೇಕನ್ನು ಫಿರಂಗಿಯಲ್ಲಿಟ್ಟು ಹಾರಿಸಿದವರಿಗೆ ತೋರಿದ ಈ ಬುದ್ಧಿ, ಸಭೆಯ ಮೊದಲನೆಯ ಬೆಂಚಿನಲ್ಲಿ ಕೂರುವ ನಮಗೆ ತೋರಬೇಡವೇ?

ಹಾಸ್ಯದ ವಿಷಯದಲ್ಲಿಯೂ ಒಂದು ಮಾತು. ಅಂಗಡಿಯಿಂದ ತಂದ ಕೇಕನ್ನು ಬೇಕಾದಷ್ಟು ಗೇಲಿ ಮಾಡಿರಿ. ಅಂಗಡಿಯವನಿಗೆ ಹಣ ಸಂದಿದೆ. ಆದರೆ ಮನೆಯಲ್ಲಿ ಮಾಡಿದ ಕೇಕಿನ ಹಿಂದೆ ಒಬ್ಬರ ಕೈ ಇರುವದು. ಮಿಶಿಗನ್ ಸಂಸ್ಥಾನದ ಟೆಕಮ್ಸೆ ಎಂಬ ಊರಿನಲ್ಲಿ 1878ರಲ್ಲಿ ಒಬ್ಬ ಗೃಹಿಣಿ ಮುಂದಿನ ವರ್ಷದ ಹಬ್ಬಕ್ಕೆಂದು ಹಣ್ಣಿನ ಕೇಕನ್ನು ಮಾಡಿಟ್ಟಳು. ಆ ಹಬ್ಬ ಬರುವ ಮುಂಚೆ ಅವಳು ತೀರಿಕೊಂಡಳು. ಮನೆಯವರಿಗೆ ಅದನ್ನು ತಿನ್ನಲು ಮನಸ್ಸು ಬರಲಿಲ್ಲ, ಎಸೆಯಲು ಕೈ ಬರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಅದನ್ನು ಕಾಪಾಡಿಕೊಂಡು ಬಂದರು. 2003ರಲ್ಲಿ ಅವಳ ಮೊಮ್ಮಗನ ಮಗನು ಅದನ್ನು ಟೆಲಿವಿಷನ್ನಿನ ವಿನೋದಕ್ಕೆ ಒಯ್ದಾಗ ಜನರು ನಕ್ಕರು, ನಗತಕ್ಕದ್ದೇ. ಆದರೆ ಆ ಮನೆಯವರು ನೂರು ವರ್ಷಗಳ ಮೇಲೂ ಆ ಕೇಕಿನಲ್ಲಿ ಕಂಡದ್ದು ತಮ್ಮ ಅಜ್ಜಿಯ ಕೈಯನ್ನು. ನಾವೋ, ಬದುಕಿರುವವರ ಕೈಯನ್ನು ಐದು ದಿನವೂ ಕಾಣದೆಹೋದೆವು.

ಹೀಗಿರಲಾಗಿ ನಮ್ಮ ವಿದ್ಯಾರ್ಥಿನಿಯರಿಗೂ ಅವರ ತಾಯಂದಿರಿಗೂ ನಾವು ಸೂಚಿಸುವದು ನಾಲ್ಕೇ ನಿಯಮಗಳು.

ಒಂದನೆಯದು: ಮನೆಗೆ ಬಂದ ಪ್ರತಿಯೊಂದು ಕೇಕಿನಿಂದಲೂ ಒಂದು ಹೋಳನ್ನಾದರೂ ಕೊಯ್ದು ರುಚಿ ನೋಡಿರಿ. ಆಗ ಕೊಟ್ಟವರಿಗೆ ನಿಜವಾದ ಮಾತನ್ನು ಹೇಳುವದಕ್ಕಾಗುವದು. "ದ್ರಾಕ್ಷಿ ಧಾರಾಳವಾಗಿತ್ತು, ಆದರೆ ಸ್ವಲ್ಪ ಹೊತ್ತು ಕಡಿಮೆ ಬೇಯಿಸಬಹುದಾಗಿತ್ತು" ಎಂಬ ಸತ್ಯವು, ಮುಟ್ಟದ ಕೇಕಿಗೆ ಸಲ್ಲಿಸಿದ ಹತ್ತು ಹೊಗಳಿಕೆಗಳಿಗಿಂತ ಮೇಲು. ಒಮ್ಮೆ ಕೊಯ್ದ ಕೇಕು ಇಡಿಯಾಗಿ ಊರು ಸುತ್ತಲಾರದೆಂಬ ಲಾಭವೂ ಇದೆ.

ಎರಡನೆಯದು: ಮಿಕ್ಕದ್ದನ್ನು ಅದೇ ದಿನ, ಇಲ್ಲವೆ ಮರುದಿನ, ಹೋಳುಗಳಾಗಿ ಮಾಡಿ ಹಂಚಿರಿ. ತಿರುಗಿ ಕೊಡಲಾರದ ಮನೆಗೆ ಮೊದಲು ಹೋಗಲಿ. ಕೇಳಲು ನಾಚುವ ಮಗು ಗೇಟಿನ ಬಳಿ ನಿಂತಿದ್ದರೆ ಅದಕ್ಕೂ ಮೊದಲು ಹೋಗಲಿ.

ಮೂರನೆಯದು: ಒಣಗಿದ್ದನ್ನು ಕೆಟ್ಟದ್ದೆಂದು ಎಣಿಸಬೇಡಿರಿ. ಬೂಷ್ಟು ಹಿಡಿದದ್ದನ್ನು ಮಾತ್ರ ಯಾರಿಗೂ ಕೊಡಕೂಡದು, ತಾವೂ ತಿನ್ನಕೂಡದು. ಬರೀ ಗಟ್ಟಿಯಾದ ಹೋಳುಗಳನ್ನು ಇಡ್ಲಿಯ ಪಾತ್ರೆಯಲ್ಲಿ ಐದು ನಿಮಿಷ ಹಬೆಗೆ ಇಟ್ಟರೆ ಮೆತ್ತಗಾಗುವವು. ಹೆಂಚಿನ ಮೇಲೆ ಸ್ವಲ್ಪ ತುಪ್ಪದಲ್ಲಿ ಎರಡು ಮಗ್ಗುಲೂ ಕಾಯಿಸಿದರೆ ಸಾಯಂಕಾಲದ ಚಹಕ್ಕೆ ಒಳ್ಳೆಯದು. ಪುಡಿಮಾಡಿ, ಹಾಲನ್ನೂ ಮೊಟ್ಟೆಯನ್ನೂ ಕೂಡಿಸಿ, ಹಬೆಯಲ್ಲಿ ಬೇಯಿಸಿದರೆ ಪುಡಿಂಗಾಗುವದು. ಮೂರನೆಯ ಕೇಕನ್ನು ಕಂಡು ಹಿತ್ತಲಿಗೆ ಓಡಿದ ಮಕ್ಕಳೇ ಎರಡನೆಯ ಸಲ ಬಡಿಸಿಕೊಳ್ಳುವರು. ಐದು ರೊಟ್ಟಿಗಳ ಅದ್ಭುತದ ದಿನದಲ್ಲಿಯೂ ಮಿಕ್ಕ ತುಂಡುಗಳನ್ನು ಪುಟ್ಟಿಗಳಲ್ಲಿ ಕೂಡಿಸಿದರೆಂಬದನ್ನು ಅಡಿಗೆಮನೆಯಲ್ಲಿ ಮರೆಯಬಾರದು.

ನಾಲ್ಕನೆಯದು: ಬರುವ ವರ್ಷ ಕೇಕು ಕಳುಹಿಸುವ ಮುಂಚೆ ಪಟ್ಟಿಯನ್ನು ತೆಗೆದು ಅರ್ಧ ಹೆಸರುಗಳನ್ನು ಹೊಡೆದುಹಾಕಿರಿ. ಅವರಿಗೆ ಒಂದು ಶುಭಾಶಯದ ಪತ್ರ ಸಾಕು. ಅವರು ಮನಸ್ಸಿನಲ್ಲಿ ನಿಮ್ಮನ್ನು ಆಶೀರ್ವದಿಸುವರು. ಹೊಡೆದುಹಾಕಿದ ಪ್ರತಿಯೊಂದು ಹೆಸರಿನ ಜಾಗದಲ್ಲಿ, ಇಲ್ಲಿಯ ವರೆಗೆ ಯಾವ ಪಟ್ಟಿಯಲ್ಲಿಯೂ ಇಲ್ಲದ ಒಂದು ಹೆಸರನ್ನು ಬರೆಯಿರಿ.

ಬೇಡವಾದ ಕೇಕು ಎಂಬದೊಂದು ಲೋಕದಲ್ಲಿ ಇಲ್ಲವೆಂಬದೇ ನಮ್ಮ ಅಭಿಪ್ರಾಯ. ಬೇಕಾದವರನ್ನು ಹುಡುಕದ ನಮ್ಮ ಸೋಮಾರಿತನಕ್ಕೆ ನಾವು ಕೊಟ್ಟ ಹೆಸರು ಅದು. ನಮ್ಮ ಮನೆಗೆಲಸದವಳ ಮಗಳು ಈಗ ಇದೇ ಶಾಲೆಯ ಎಂಟನೆಯ ತರಗತಿಯಲ್ಲಿ ಓದುತ್ತಿರುವಳು. ಕಳೆದ ಕ್ರಿಸ್‌ಮಸ್ಸಿನಲ್ಲಿ ಬಂದ ಮೊದಲನೆಯ ಕೇಕನ್ನು ನಾವು ಅವಳ ಕೈಯಿಂದಲೇ ಕೊಯ್ಯಿಸಿದೆವು. ಒಂದು ಹೋಳನ್ನು ತಿಂದು, ಸ್ವಲ್ಪ ಯೋಚಿಸಿ, "ಅಮ್ಮಾ, ಸಕ್ಕರೆ ಸ್ವಲ್ಪ ಹೆಚ್ಚಾಯಿತು" ಎಂದಳು. ಆ ಮಾತನ್ನು ಕೇಕು ಕಳುಹಿಸಿದವರಿಗೆ ಹಾಗೆಯೇ ಮುಟ್ಟಿಸಿದೆವು. ಅವರು ಬೇಸರಪಡಲಿಲ್ಲ; ಇಷ್ಟು ವರ್ಷಗಳಲ್ಲಿ ತಮ್ಮ ಕೇಕನ್ನು ಒಬ್ಬರು ತಿಂದರೆಂಬದಕ್ಕೆ ಇದೇ ಮೊದಲನೆಯ ಸಾಕ್ಷಿಯೆಂದು ಹೇಳಿ ನಕ್ಕರು.